ಹಿಂದೊಡೆಯ ಗಾಯ ಮತ್ತು ಮಾಗುವಿಕೆ: ಗರಡಿಯ ಅನುಭವ, ಪ್ರಯೋಗಶಾಲೆಯ ಸಾಕ್ಷ್ಯ

ಕನ್ನಡದಲ್ಲಿ ಸವಾಲು ಹಾಕುವುದೆಂದರೆ ತೊಡೆ ತಟ್ಟುವುದು. ಅಖಾಡಕ್ಕಿಳಿದ ಪೈಲ್ವಾನನು ಮಟ್ಟಿಯನ್ನು ಮುಟ್ಟಿ ನಮಸ್ಕರಿಸಿ ತೊಡೆ ತಟ್ಟಿದನೆಂದರೆ ಕಾದಾಟಕ್ಕೆ ಸಿದ್ಧನಾದನೆಂದು ಅರ್ಥ. ಇಂದಿನ ರಾಜಕೀಯ ವರದಿಗಳಲ್ಲಿಯೂ ಈ ನುಡಿಗಟ್ಟು ಜೀವಂತವಾಗಿದೆ. ನಮ್ಮ ಕಾವ್ಯಪರಂಪರೆಯಲ್ಲಿ ವೀರನ ಅಂತ್ಯವೂ ತೊಡೆಯಲ್ಲಿಯೇ ಇದೆ. ಹತ್ತನೆಯ ಶತಮಾನದ ರನ್ನನ ಗದಾಯುದ್ಧದಲ್ಲಿ ಕಥೆಯೆಲ್ಲ ಹರಿದು ಸೇರುವುದು ದುರ್ಯೋಧನನ ತೊಡೆ ಮುರಿಯುವ ಪ್ರಸಂಗಕ್ಕೆ. ಭಾಸನದೆಂದು ಹೇಳಲಾಗುವ ಸಂಸ್ಕೃತ ನಾಟಕವೊಂದರ ಹೆಸರೇ ಊರುಭಂಗ. ತೊಡೆ ಹೋದರೆ ಶೂರನು ಹೋದಂತೆ ಎಂಬ ಗ್ರಹಿಕೆ ಶಿಷ್ಟ ಮತ್ತು ಜನಪದ ಎರಡೂ ಪರಂಪರೆಗಳಿಗೆ ಸಮಾನವಾದುದು. ಆದರೆ ಪೈಲ್ವಾನನು ತಟ್ಟುವುದು ತೊಡೆಯ ಮುಂಭಾಗವನ್ನು. ಓಟದಲ್ಲಿ, ಜಿಗಿತದಲ್ಲಿ, ಕುಸ್ತಿಯ ಕೆಲವು ಪಟ್ಟುಗಳಲ್ಲಿ ಹರಿಯುವುದು ಹಿಂಭಾಗ. ಅದನ್ನು ಯಾರೂ ತಟ್ಟುವುದಿಲ್ಲ. ಅದಕ್ಕೆ ಆಡುಮಾತಿನಲ್ಲಿ ಹೆಸರೂ ಇಲ್ಲ.

ಮುಂದಲೆ, ಹಿಂದಲೆಗಳ ಮಾದರಿಯಲ್ಲಿ ಇದನ್ನು ಈ ಲೇಖನದಲ್ಲಿ ಹಿಂದೊಡೆ ಎಂದು ಕರೆಯಲಾಗಿದೆ. ಹಿಂದೊಡೆಯ ಸ್ನಾಯು ಗಾಯಗೊಂಡು ಮಾಗುವಾಗ ಅದರ ಒಳರಚನೆ ಹೇಗೆ ಬದಲಾಗುತ್ತದೆ ಎಂಬ ತಿಳಿವಳಿಕೆ ಬೆಳೆದುಬಂದ ಬಗೆಯನ್ನು ಗರಡಿಮನೆಯ ಅನುಭವದ ಜೊತೆಗಿಟ್ಟು ಪರಿಶೀಲಿಸುವುದು ಇಲ್ಲಿನ ಉದ್ದೇಶ. ಜಾನಪದ ಅಧ್ಯಯನಕಾರರಾದ ನಮಗೆ ಇಂಥ ವಿಷಯದಲ್ಲಿ ಒಂದು ಪ್ರಲೋಭನೆ ಇದ್ದೇ ಇರುತ್ತದೆ: ಇದೆಲ್ಲವೂ ನಮ್ಮ ಹಿರಿಯರಿಗೆ ಮೊದಲೇ ತಿಳಿದಿತ್ತು ಎಂದುಬಿಡುವುದು. ಇದರ ಎದುರು ದಿಕ್ಕಿನ ಅತಿಯೆಂದರೆ ಗರಡಿಯ ಉಪಚಾರವನ್ನು ಪೂರ್ತಿಯಾಗಿ ಅಜ್ಞಾನವೆಂದು ತಳ್ಳಿಹಾಕುವುದು. ಈ ಎರಡು ನಿಲುವುಗಳಿಂದಲೂ ಗಾಯಗೊಂಡ ಕಾಲಿಗೆ ಉಪಯೋಗವಿಲ್ಲ. ಯಾವ ಮಾತಿಗೆ ಸಾಕ್ಷ್ಯವಿದೆ, ಯಾವುದಕ್ಕಿಲ್ಲ ಎಂದು ಒಂದೊಂದಾಗಿ ನೋಡುವುದೇ ಸರಿಯಾದ ದಾರಿ.

1. ಹೆಸರು ಮತ್ತು ಹಗ್ಗ

ಕಾಲಿನ ಭಾಗಗಳಿಗೆ ಕನ್ನಡದಲ್ಲಿ ಹೆಸರುಗಳ ಕೊರತೆಯಿಲ್ಲ. ಹಿಮ್ಮಡಿ, ಹರಡು, ಮೀನಖಂಡ, ಮಂಡಿಚಿಪ್ಪು ಮೊದಲಾದವು ನಿತ್ಯಬಳಕೆಯ ಪದಗಳು. ತೊಡೆಯ ಹಿಂಭಾಗದ ವಿಷಯಕ್ಕೆ ಬಂದಾಗ ಮಾತ್ರ ಜನರು 'ತೊಡೆಯ ಹಿಂದಿನ ನರ' ಎನ್ನುತ್ತಾರೆ. ಗಾಯವಾದರೆ ನರ ಎಳೆದಿದೆ, ನರ ಹಿಡಿದುಕೊಂಡಿದೆ, ಉಳುಕಿದೆ ಎನ್ನುತ್ತಾರೆ. ಇಲ್ಲಿ ನರವೆಂದರೆ ಶರೀರಶಾಸ್ತ್ರದ ನರವಲ್ಲ. ಮೈಯೊಳಗೆ ದಾರದಂತೆ, ಹಗ್ಗದಂತೆ ಬಿಗಿದಿರುವ ಎಲ್ಲದಕ್ಕೂ ಅದೊಂದೇ ಹೆಸರು.

ಶಾಸ್ತ್ರೀಯ ಪದಗಳ ಕಥೆಯೂ ಇದಕ್ಕಿಂತ ಬೇರೆಯಲ್ಲ. ಸುಶ್ರುತಸಂಹಿತೆಯು ದೇಹದಲ್ಲಿ 500 ಪೇಶಿಗಳನ್ನೂ 900 ಸ್ನಾಯುಗಳನ್ನೂ ಎಣಿಸುತ್ತದೆ. ಅಲ್ಲಿ ಮಾಂಸಖಂಡಕ್ಕೆ ಪೇಶಿಯೆಂದು ಹೆಸರು. ಸ್ನಾಯುವೆಂದರೆ ಕಟ್ಟಿ ಹಿಡಿಯುವ ನಾರು. ಹೊಸಗನ್ನಡದ ಪಠ್ಯಪುಸ್ತಕಗಳಲ್ಲಿ ಸ್ನಾಯು ಎಂಬುದು ಮಾಂಸಖಂಡದ ಹೆಸರಾಯಿತು. ಕಟ್ಟುವ ನಾರಿಗೆ ಸ್ನಾಯುರಜ್ಜು ಎಂಬ ಬೇರೆ ಪದವನ್ನು ರೂಪಿಸಬೇಕಾಯಿತು. ಇಂಗ್ಲಿಷಿನ ಹ್ಯಾಮ್‌ಸ್ಟ್ರಿಂಗ್ ಪದವೂ ಇದೇ ಹಾದಿಯಲ್ಲಿ ಬಂದುದು. ಹ್ಯಾಮ್ ಎಂದರೆ ಮೂಲದಲ್ಲಿ ಮಂಡಿಯ ಹಿಂದಿನ ಬಾಗು, ಸ್ಟ್ರಿಂಗ್ ಎಂದರೆ ದಾರ. ಕುಳಿತು ಮಂಡಿ ಮಡಿಸಿ ಹಿಂದೆ ಕೈಯಾಡಿಸಿದರೆ ಎರಡು ಬದಿಗಳಲ್ಲಿ ಬೆರಳಿಗೆ ಸಿಗುವ ಬಿಗಿಯಾದ ರಜ್ಜುಗಳಿಗೆ ಮೊದಲು ಈ ಹೆಸರಿದ್ದಿತು. ಬಳಿಕ ಮೇಲಿನ ಮಾಂಸಖಂಡಗಳಿಗೂ ಅದೇ ಅನ್ವಯವಾಯಿತು. ಆ ಭಾಷೆಯಲ್ಲಿ ಇದು ಕ್ರಿಯಾಪದವೂ ಹೌದು. ಶತ್ರುವಿನ ಕುದುರೆಗಳ ಹಿಂಗಾಲಿನ ರಜ್ಜುವನ್ನು ಕಡಿದು ಅವನ್ನು ಯುದ್ಧಕ್ಕೆ ನಿರುಪಯೋಗಿಯಾಗಿಸುವ ಪದ್ಧತಿ ಬೈಬಲಿನ ಯೆಹೋಶುವನ ಗ್ರಂಥದಲ್ಲಿಯೇ ಉಲ್ಲೇಖಗೊಂಡಿದೆ.

ಹೀಗೆ ದೂರದೂರದ ಭಾಷೆಗಳಲ್ಲಿ ಜನಸಾಮಾನ್ಯರು ಈ ಅಂಗವನ್ನು ಹಗ್ಗವೆಂದೇ ಗ್ರಹಿಸಿದ್ದಾರೆ. ರೂಪಕವು ಕೇವಲ ಮಾತಿನ ಅಲಂಕಾರವಲ್ಲ, ಅದು ಉಪಚಾರದ ಕ್ರಮವನ್ನೂ ನಿರ್ಧರಿಸುತ್ತದೆ. ಹಗ್ಗ ಹರಿದರೆ ಗಂಟು ಹಾಕಬೇಕು, ಗಂಟು ಬಿಗಿಯುವ ತನಕ ಎಳೆಯಬಾರದು. ಹಗ್ಗ ತೊಡಕಿಕೊಂಡರೆ ನೀವಿ ಬಿಡಿಸಬೇಕು. ಕಟ್ಟು ಮತ್ತು ಮಾಲೀಸು ಎಂಬ ಎರಡು ಪ್ರಧಾನ ಉಪಚಾರಗಳೂ ಈ ಗ್ರಹಿಕೆಗೆ ಒಪ್ಪುವಂಥವು.

2. ಗರಡಿಯ ದೇಹಜ್ಞಾನ

ಕರ್ನಾಟಕದಲ್ಲಿ ಮಲ್ಲವಿದ್ಯೆಯ ಲಿಖಿತ ಚರಿತ್ರೆಗೆ ಮುಖ್ಯ ಆಕರ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸ. ಸಂಸ್ಕೃತದ ಈ ಗ್ರಂಥದ ಮಲ್ಲವಿನೋದ ಭಾಗದಲ್ಲಿ ಮಲ್ಲರ ವಯಸ್ಸು, ಮೈಕಟ್ಟು, ಬಲಗಳಿಗೆ ಅನುಗುಣವಾದ ವರ್ಗೀಕರಣವಿದೆ, ಆಹಾರಕ್ರಮವಿದೆ, ಭಾರ ಎತ್ತುವ, ನಡೆಯುವ, ನೀರಿನಲ್ಲಿ ಈಜುವ, ಕಂಬವನ್ನು ಆಧರಿಸಿ ಮಾಡುವ ಬೇರೆಬೇರೆ ಶ್ರಮಗಳ ವಿವರವಿದೆ. ದೇಹವನ್ನು ದುಡಿಸುವುದಕ್ಕೆ ಒಂದು ಕ್ರಮ ಇರಬೇಕೆಂಬ ಅರಿವು ಅಂದಿಗೇ ಖಚಿತವಾಗಿತ್ತೆಂಬುದು ಇದರಿಂದ ಸ್ಪಷ್ಟ.

ಮೈಸೂರು ಸೀಮೆಯ ಜಟ್ಟಿಗಳು ಈ ಪರಂಪರೆಯ ವೃತ್ತಿಪರ ವಾರಸುದಾರರು. ನಿಂಬಜಾದೇವಿಯನ್ನು ಆರಾಧಿಸುವ ಈ ಸಮುದಾಯದವರು ದಸರೆಯಲ್ಲಿ ಅರಮನೆಯ ಆವರಣದಲ್ಲಿ ನಡೆಸುವ ವಜ್ರಮುಷ್ಟಿ ಕಾಳಗ ಪ್ರಸಿದ್ಧವಾದುದು. 1909ರಲ್ಲಿ ಪ್ರಕಟವಾದ ದಕ್ಷಿಣ ಭಾರತದ ಜಾತಿ ಮತ್ತು ಬುಡಕಟ್ಟುಗಳ ಸಂಪುಟಗಳಲ್ಲಿ ಎಡ್ಗರ್ ಥರ್ಸ್ಟನ್ ಜಟ್ಟಿಗಳನ್ನು ಕುಸ್ತಿಪಟುಗಳೆಂದು ಮಾತ್ರವಲ್ಲದೆ, ನರನೋವು ಮೊದಲಾದ ಬಾಧೆಗಳಿಗೆ ಮೈನೀವಿ ಲೇಪ ತಿಕ್ಕುವವರೆಂದೂ ದಾಖಲಿಸಿದ್ದಾನೆ. ಮೈ ಮುರಿಯಬಲ್ಲವನೇ ಮೈ ಕೂಡಿಸಬಲ್ಲವನು ಎಂಬ ನಂಬಿಕೆ ಇದರ ಹಿಂದಿದೆ. ಇಂದಿಗೂ ಊರಿನಲ್ಲಿ ಉಳುಕಿದರೆ ಹಳೆಯ ಪೈಲ್ವಾನರ ಮನೆಗೆ ಹೋಗುವವರಿದ್ದಾರೆ.

ಉಳುಕಿನ ಜನಪದ ಉಪಚಾರ ಗರಡಿಗಷ್ಟೇ ಸೀಮಿತವಲ್ಲ. ಲಕ್ಕಿಸೊಪ್ಪಿನ ಶಾಖ, ಉಪ್ಪಿನ ಗಂಟಿನ ಶಾಖ, ಹರಳೆಣ್ಣೆಯ ನೀವುವಿಕೆ ಮನೆಮನೆಯ ಮದ್ದುಗಳು. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟವನ್ನು ತುಳಿಸಿಕೊಳ್ಳುವ ಆಚರಣೆಯನ್ನು ಹಲವೆಡೆ ಕಾಣಬಹುದು. ಮೂಳೆ ಮುರಿದರೆ ಆಂಧ್ರದ ಪುತ್ತೂರು ಕಟ್ಟು ಕನ್ನಡಿಗರಿಗೂ ಚಿರಪರಿಚಿತ.

ಕ್ಷೇತ್ರಕಾರ್ಯದ ಸಂದರ್ಭದಲ್ಲಿ ಮೈಸೂರಿನ ಗರಡಿಯೊಂದರ ಹಿರಿಯ ಉಸ್ತಾದರಿಂದ ಪಡೆದ ವಿವರವನ್ನು ಇಲ್ಲಿ ಸಂಗ್ರಹವಾಗಿ ಕೊಡಲಾಗಿದೆ. ಹಿಂದೊಡೆ ಎಳೆದುಕೊಂಡ ಹುಡುಗನಿಗೆ ಅವರು ಮೊದಲ ದಿನವೇ ಬಿಸಿಯೆಣ್ಣೆಯ ಮಾಲೀಸು ಮಾಡಿಸುತ್ತಿದ್ದರು. ನೋವು ತುಸು ಇಳಿದ ಮೇಲೆ ಗರಡಿಗೆ ಬರಹೇಳುತ್ತಿದ್ದರು; ಮನೆಯಲ್ಲಿ ಮಲಗಲು ಬಿಡುತ್ತಿರಲಿಲ್ಲ. ಮೊದಲು ನಡಿಗೆ, ಬಳಿಕ ಗುದ್ದಲಿ ಹಿಡಿದು ಮಟ್ಟಿ ಅಗೆಯುವ ಕೆಲಸ, ಆಮೇಲೆ ಎಣಿಸಿ ಕೆಲವೇ ಬಸ್ಕಿ, ಕೊನೆಗೆ ತನಗಿಂತ ಕಡಿಮೆ ತೂಕದವನ ಜೊತೆ ಜೋರು. ಹೀಗೇಕೆ ಎಂದು ಕೇಳಿದ್ದಕ್ಕೆ ಅವರು ಹೇಳಿದ ಮಾತು ಇದು: "ನೋಡಿ ಮೇಷ್ಟ್ರೇ, ನೋವು ಮೊದ್ಲು ಹೋಯ್ತದೆ, ಕಾಲು ಆಮೇಲೆ ಬತ್ತದೆ. ನಡುವೆ ಕಾಲಿಗೆ ಒಂದು ಭಯ ಕೂತಿರ್ತದೆ. ಅದನ್ನ ಮಟ್ಟೀಲೇ ಬಿಡಿಸಬೇಕು."

ಈ ಮಾತಿನಲ್ಲಿ ಮೂರು ಅಂಶಗಳಿವೆ. ನೋವು ಹೋಗುವುದೂ ಅಂಗ ಮಾಗುವುದೂ ಒಂದೇ ಅಲ್ಲ ಎಂಬುದು ಮೊದಲನೆಯದು. ಗಾಯಗೊಂಡ ಕಾಲು ತನ್ನನ್ನು ತಾನೇ ತಡೆಹಿಡಿಯುತ್ತದೆ ಎಂಬುದು ಎರಡನೆಯದು. ಅದನ್ನು ಕ್ರಮವಾಗಿ ದುಡಿಸಿಯೇ ಸರಿಪಡಿಸಬೇಕೆಂಬುದು ಮೂರನೆಯದು. ಈ ಮೂರನ್ನೂ ಪ್ರಯೋಗಶಾಲೆಯ ಸಾಕ್ಷ್ಯದ ಎದುರಿಗಿಟ್ಟು ನೋಡಬಹುದಾಗಿದೆ.

3. ಗಾಯದ ಒಳಗೆ

ಹಿಂದೊಡೆಯಲ್ಲಿ ಮೂರು ಸ್ನಾಯುಗಳಿವೆ. ಹೊರಬದಿಯಲ್ಲಿ ಬೈಸೆಪ್ಸ್ ಫೀಮೊರಿಸ್, ಒಳಬದಿಯಲ್ಲಿ ಸೆಮಿಟೆಂಡಿನೋಸಸ್ ಮತ್ತು ಸೆಮಿಮೆಂಬ್ರನೋಸಸ್. ಮೊದಲನೆಯದಕ್ಕೆ ಉದ್ದ ತಲೆ, ಗಿಡ್ಡ ತಲೆ ಎಂಬ ಎರಡು ಮೂಲಗಳು. ಗಿಡ್ಡ ತಲೆಯೊಂದನ್ನು ಬಿಟ್ಟು ಉಳಿದವೆಲ್ಲ ನಾವು ಕುಳಿತಾಗ ನೆಲಕ್ಕೆ ಊರುವ ಮೂಳೆಯಿಂದ ಹೊರಟು, ಸೊಂಟದ ಕೀಲನ್ನೂ ಮಂಡಿಯ ಕೀಲನ್ನೂ ಹಾಯ್ದು ಮೊಣಕಾಲಿನ ಕೆಳಗೆ ಸೇರುತ್ತವೆ. ಗಿಡ್ಡ ತಲೆ ತೊಡೆಮೂಳೆಯಿಂದಲೇ ಹೊರಟು ಮಂಡಿಯನ್ನು ಮಾತ್ರ ಹಾಯುತ್ತದೆ.

ವೇಗದ ಓಟದಲ್ಲಿ ಕಾಲು ಮುಂದಕ್ಕೆ ಬೀಸಿ, ಪಾದವು ಇನ್ನೇನು ನೆಲ ಮುಟ್ಟಬೇಕೆನ್ನುವ ಗಳಿಗೆ ಹಿಂದೊಡೆಗೆ ಅತ್ಯಂತ ಅಪಾಯದ್ದು. ಆಗ ಸೊಂಟ ಬಾಗಿರುತ್ತದೆ, ಮಂಡಿ ನೇರವಾಗುತ್ತಿರುತ್ತದೆ. ಸ್ನಾಯುವು ಉದ್ದವಾಗುತ್ತಲೇ ಕಾಲಿನ ಬೀಸನ್ನು ತಡೆಯಬೇಕಾಗುತ್ತದೆ. ಹರಿಯುವುದು ಹೆಚ್ಚಾಗಿ ಬೈಸೆಪ್ಸ್‌ನ ಉದ್ದ ತಲೆ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ 400 ಮೀಟರ್ ಓಟದಲ್ಲಿ ಬ್ರಿಟನ್ನಿನ ಡೆರೆಕ್ ರೆಡ್ಮಂಡ್ ಅರ್ಧದಲ್ಲಿ ಕುಸಿದು ತಂದೆಯ ಹೆಗಲು ಹಿಡಿದು ಗುರಿ ತಲುಪಿದ್ದು, 2017ರ ಲಂಡನ್ ವಿಶ್ವ ಅಥ್ಲೆಟಿಕ್ಸ್‌ನಲ್ಲಿ ಉಸೇನ್ ಬೋಲ್ಟ್ ತಮ್ಮ ಕೊನೆಯ ಓಟವನ್ನು ಮುಗಿಸಲಾಗದೆ ಬಿದ್ದದ್ದು, ಎರಡೂ ಹಿಂದೊಡೆಯ ಗಾಯದಿಂದಲೇ. ಕುಸ್ತಿಯಲ್ಲಿ ಎದುರಾಳಿಯು ಹಿಡಿದೆತ್ತಿದ ಕಾಲು ನೇರವಾಗಿ, ಮೈ ಮುಂದಕ್ಕೆ ಬಾಗಿದಾಗಲೂ ಸ್ನಾಯು ಇದೇ ಬಗೆಯ ಎಳೆತಕ್ಕೆ ಸಿಕ್ಕುತ್ತದೆ.

ಹೊರಗೆ ಹಗ್ಗದಂತೆ ತೋರುವ ಸ್ನಾಯು ಒಳಗೆ ಹಗ್ಗದಂತಿಲ್ಲ. ಅದು ಎಳೆಗಳ ಕಟ್ಟುಗಳಿಂದಾದುದು. ಪ್ರತಿ ಎಳೆಯೊಳಗೂ ಸಾರ್ಕೊಮಿಯರ್ ಎಂಬ ಅತಿಸೂಕ್ಷ್ಮ ಘಟಕಗಳು ಮಣಿಸರದಂತೆ ಒಂದರ ಮುಂದೊಂದು ಸಾಲಾಗಿರುತ್ತವೆ. ಈ ಘಟಕಗಳಲ್ಲಿ ತೆಳ್ಳನೆಯ ಮತ್ತು ದಪ್ಪನೆಯ ತಂತುಗಳು ಒಂದರೊಳಗೊಂದು ಜಾರುವುದರಿಂದಲೇ ಸ್ನಾಯು ಸಂಕುಚಿಸುತ್ತದೆಂದು 1954ರಲ್ಲಿ ಎರಡು ತಂಡಗಳು ನೇಚರ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ತೋರಿಸಿಕೊಟ್ಟವು. ಆಂಡ್ರೂ ಹಕ್ಸ್ಲಿ ಮತ್ತು ರಾಲ್ಫ್ ನೀಡರ್ಗರ್ಕೆ ಒಂದು ಲೇಖನದ ಕರ್ತೃಗಳು. ಹ್ಯೂ ಹಕ್ಸ್ಲಿ ಮತ್ತು ಜೀನ್ ಹ್ಯಾನ್ಸನ್ ಇನ್ನೊಂದರ ಕರ್ತೃಗಳು.

ಎಳೆ ಹರಿದಾಗ ತುದಿಗಳು ಹಿಂದೆ ಸರಿಯುತ್ತವೆ, ನಡುವಿನ ತೆರವನ್ನು ರಕ್ತ ತುಂಬುತ್ತದೆ. ಮೊದಲ ದಿನಗಳಲ್ಲಿ ರಕ್ತದ ಬಿಳಿಯ ಕಣಗಳು ಸತ್ತ ಭಾಗವನ್ನು ತೆರವುಗೊಳಿಸುತ್ತವೆ. ಅನಂತರ ಎರಡು ಕೆಲಸಗಳು ಜೊತೆಜೊತೆಗೆ ಆರಂಭವಾಗುತ್ತವೆ. ಎಳೆಯ ಹೊರಪೊರೆಗೆ ಅಂಟಿಕೊಂಡು ಸುಪ್ತವಾಗಿರುವ ಸ್ಯಾಟಲೈಟ್ ಕೋಶಗಳು ಎಚ್ಚೆತ್ತು ಹೊಸ ಎಳೆಯನ್ನು ಕಟ್ಟುತ್ತವೆ. ಈ ಕೋಶಗಳನ್ನು 1961ರಲ್ಲಿ ಕಪ್ಪೆಯ ಸ್ನಾಯುವಿನಲ್ಲಿ ಗುರುತಿಸಿದವರು ಅಮೆರಿಕದ ಅಲೆಕ್ಸಾಂಡರ್ ಮೌರೊ. ಇತ್ತ ನಾರುಗಳನ್ನು ನೇಯುವ ಬೇರೆ ಕೋಶಗಳು ತೆರವಿನಲ್ಲಿ ಕಲೆಗಟ್ಟಿದ ಅಂಗಾಂಶವನ್ನು ಹಾಕುತ್ತವೆ. ಚರ್ಮದ ಮೇಲೆ ಗಾಯ ಮಾಗಿದಾಗ ಉಳಿಯುವ ಕಲೆಯಂತೆಯೇ ಇದು ಒಳಗಿನ ಕಲೆ. ಪ್ರಾಣಿಗಳ ಮೇಲಿನ ಪ್ರಯೋಗಗಳ ಪ್ರಕಾರ ಮೊದಲ ಸುಮಾರು 10 ದಿನ ಈ ಕಲೆಯೇ ಸ್ನಾಯುವಿನ ಅತ್ಯಂತ ದುರ್ಬಲ ಜಾಗ. ಆಮೇಲೆ ಅದು ಗಟ್ಟಿಯಾಗುತ್ತದೆ. ಮತ್ತೆ ಹರಿದರೆ ಅದರ ಪಕ್ಕದ ಸ್ನಾಯು ಹರಿಯುತ್ತದೆ. ಹರಿದ ಎಳೆಯ ತುದಿಗಳು ಪರಸ್ಪರ ಬೆಸೆದುಕೊಳ್ಳುವ ಬದಲು ಈ ಕಲೆಗೆ ಕಚ್ಚಿಕೊಳ್ಳುತ್ತವೆ. ಒಂದು ಉದ್ದದ ಎಳೆಯಿದ್ದಲ್ಲಿ ಈಗ ನಡುವೆ ಗಡಸು ಜಾಗವಿರುವ ಎರಡು ಗಿಡ್ಡ ಎಳೆಗಳಾಗುತ್ತವೆ.

ಈ ಬದಲಾವಣೆ ಎಷ್ಟು ಕಾಲ ಉಳಿಯುತ್ತದೆ? ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು ಹಿಂದೊಡೆಯ ಗಾಯದಿಂದ ಚೇತರಿಸಿಕೊಂಡು ಆಟಕ್ಕೆ ಮರಳಿದ್ದ 14 ಮಂದಿ ಕ್ರೀಡಾಪಟುಗಳ ಕಾಲುಗಳನ್ನು 5ರಿಂದ 23 ತಿಂಗಳ ಬಳಿಕ ಎಂ.ಆರ್.ಐ. ಮೂಲಕ ಪರಿಶೀಲಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚಿನವರಲ್ಲಿ ಕಲೆ ಹಾಗೆಯೇ ಉಳಿದಿತ್ತು. ಹಲವರಲ್ಲಿ ಬೈಸೆಪ್ಸ್‌ನ ಉದ್ದ ತಲೆ ಕುಗ್ಗಿ, ಪಕ್ಕದ ಗಿಡ್ಡ ತಲೆ ದಪ್ಪವಾಗಿತ್ತು. ಅಣ್ಣ ಹಾಸಿಗೆ ಹಿಡಿದಾಗ ತಮ್ಮ ನೊಗ ಹೊತ್ತಂತೆ. ಆದರೆ ತಮ್ಮನು ಸೊಂಟದ ಕೀಲನ್ನು ಹಾಯುವುದಿಲ್ಲ. ಅಣ್ಣನ ಕೆಲಸವೆಲ್ಲವನ್ನೂ ಅವನು ಮಾಡಲಾರ. 2014ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್ ಸಂಶೋಧಕರ ನೇತೃತ್ವದ ಇನ್ನೊಂದು ಅಧ್ಯಯನದಲ್ಲಿ, ಗುಣವಾದರೆಂದು ನಿರ್ಧರಿಸಲಾದ 53 ಆಟಗಾರರ ಪೈಕಿ ಶೇ. 89ರಷ್ಟು ಮಂದಿಯ ಸ್ನಾಯುವಿನಲ್ಲಿ ಗಾಯದ ಗುರುತು ಎಂ.ಆರ್.ಐ.ಯಲ್ಲಿ ಇನ್ನೂ ಕಾಣುತ್ತಿತ್ತು. ನೋವು ಮೊದಲು ಹೋಗುತ್ತದೆ, ಕಾಲು ಆಮೇಲೆ ಬರುತ್ತದೆ ಎಂಬ ಉಸ್ತಾದರ ಮಾತಿನ ಮೊದಲ ಅಂಶಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ.

4. ಕಟ್ಟುವುದೋ, ದುಡಿಸುವುದೋ

ಇಪ್ಪತ್ತನೆಯ ಶತಮಾನದ ಬಹುಕಾಲ ಗಾಯಗೊಂಡ ಸ್ನಾಯುವಿಗೆ ಆಸ್ಪತ್ರೆಗಳು ಕೊಡುತ್ತಿದ್ದ ಮುಖ್ಯ ಉಪಚಾರ ವಿಶ್ರಾಂತಿ. ಇದು ಹಗ್ಗದ ರೂಪಕದ ವೈದ್ಯಕೀಯ ಆವೃತ್ತಿಯೆನ್ನಬಹುದು. ಈ ನಂಬಿಕೆಯನ್ನು ಅಲುಗಿಸಿದ್ದು 1970ರ ದಶಕದ ಎರಡು ಬಗೆಯ ಪ್ರಯೋಗಗಳು.

ಫಿನ್ಲೆಂಡಿನ ಯಾರ್ವಿನೆನ್ ಮತ್ತು ಸಂಗಡಿಗರು ಇಲಿಗಳ ಸ್ನಾಯುವನ್ನು ಗಾಯಗೊಳಿಸಿ ಕೆಲವನ್ನು ಅಲುಗದಂತೆ ಇರಿಸಿದರು, ಕೆಲವನ್ನು ಓಡಾಡಲು ಬಿಟ್ಟರು. ಗಾಯವಾದ ಕೂಡಲೇ ಓಡಾಡಿದವುಗಳಲ್ಲಿ ಕಲೆ ದೊಡ್ಡದಾಯಿತು. ಬಹುಕಾಲ ಅಲುಗದೆ ಇದ್ದವುಗಳಲ್ಲಿ ಎಳೆಗಳು ಸೊರಗಿ ಅಡ್ಡಾದಿಡ್ಡಿಯಾಗಿ ಬೆಳೆದವು. ಕೆಲವೇ ದಿನ ವಿಶ್ರಮಿಸಿ ಬಳಿಕ ದುಡಿದವುಗಳಲ್ಲಿ ಹೊಸ ಎಳೆಗಳು ಸಾಲಾಗಿ, ಸ್ನಾಯುವಿನ ದಿಕ್ಕಿಗೆ ಸಮಾನಾಂತರವಾಗಿ ಬೆಳೆದವು. ಅಂದರೆ ಹೊಸ ಎಳೆಗೆ ಯಾವ ದಿಕ್ಕಿನಲ್ಲಿ ಬೆಳೆಯಬೇಕೆಂಬುದನ್ನು ಕಲಿಸುವುದು ಎಳೆತವೇ. 1972ರಲ್ಲಿ ಫ್ರಾನ್ಸಿನ ಟಬಾರಿ ಮತ್ತು ಸಂಗಡಿಗರು ಬೆಕ್ಕಿನ ಕಾಲಿಗೆ ಪ್ಲಾಸ್ಟರ್ ಹಾಕಿ ಮಾಡಿದ ಪ್ರಯೋಗ ಇನ್ನೂ ವಿಶದವಾದುದು. ಸ್ನಾಯುವನ್ನು ಗಿಡ್ಡವಾಗಿಸಿ ಕಟ್ಟಿದಾಗ ಎಳೆಯಲ್ಲಿನ ಸಾರ್ಕೊಮಿಯರ್‌ಗಳ ಸಂಖ್ಯೆ ಶೇ. 40ರಷ್ಟು ಇಳಿಯಿತು. ಉದ್ದವಾಗಿಸಿ ಕಟ್ಟಿದಾಗ ಸುಮಾರು ಶೇ. 20ರಷ್ಟು ಏರಿತು. ಕಟ್ಟು ಬಿಚ್ಚಿದ ಮೇಲೆ ಸಂಖ್ಯೆ ಮೊದಲಿನಂತಾಯಿತು. ಸ್ನಾಯುವಿನ ಉದ್ದ ಹುಟ್ಟಿನಿಂದ ಬಂದ ಸ್ಥಿರ ಗುಣವಲ್ಲ, ಅದು ಬಳಕೆಗೆ ತಕ್ಕಂತೆ ಮಣಿ ಸೇರಿಸುವ ಅಥವಾ ಕಳಚುವ ಸರ ಎಂಬುದು ಇದರಿಂದ ತಿಳಿದುಬಂದಿತು.

ಮನುಷ್ಯರಲ್ಲಿ ಈ ಅರಿವಿನ ಸ್ಪಷ್ಟ ಪರೀಕ್ಷೆ ನಡೆದದ್ದು ಬಹಳ ತಡವಾಗಿ. ಡೆನ್ಮಾರ್ಕಿನ ಸಂಶೋಧಕರು ತೊಡೆ ಅಥವಾ ಮೀನಖಂಡದ ಸ್ನಾಯು ಹರಿದ 50 ಮಂದಿ ಹವ್ಯಾಸಿ ಕ್ರೀಡಾಪಟುಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಗಾಯವಾದ 2 ದಿನಕ್ಕೇ, ಇನ್ನೊಂದಕ್ಕೆ 9 ದಿನಗಳ ಬಳಿಕ ಕ್ರಮಬದ್ಧ ವ್ಯಾಯಾಮ ಆರಂಭಿಸಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮೊದಲ ಗುಂಪು ಆಟಕ್ಕೆ ಮರಳಲು 62.5 ದಿನ ಬೇಕಾಯಿತು, ಎರಡನೆಯದಕ್ಕೆ 83 ದಿನ. ಒಂದು ವಾರದ ಹೆಚ್ಚುವರಿ ವಿಶ್ರಾಂತಿಯ ಬೆಲೆ ಸುಮಾರು ಮೂರು ವಾರಗಳಾದವು.

ಉಸ್ತಾದರು ಹುಡುಗನನ್ನು ಮನೆಯಲ್ಲಿ ಮಲಗಲು ಬಿಡದಿದ್ದುದು ಈ ಬೆಳಕಿನಲ್ಲಿ ಸರಿಯೆನಿಸುತ್ತದೆ. ಮೊದಲ ದಿನದ ಮಾಲೀಸು ಸರಿಯೆನಿಸುವುದಿಲ್ಲ. ರಕ್ತ ಇನ್ನೂ ಒಸರುತ್ತಿರುವ ಜಾಗವನ್ನು ಬಿಸಿಯೆಣ್ಣೆ ಹಚ್ಚಿ ಬಲವಾಗಿ ತಿಕ್ಕಿದರೆ ಒಸರುವಿಕೆ ಹೆಚ್ಚುತ್ತದೆ. ಕೆಲವೊಮ್ಮೆ ಸ್ನಾಯುವಿನೊಳಗೇ ಮೂಳೆಯಂಥ ಗಡಸು ಬೆಳೆಯುವ ಅಪಾಯವೂ ಉಂಟು. ಹಗ್ಗದ ತೊಡಕನ್ನು ನೀವಿ ಬಿಡಿಸುವ ಗ್ರಹಿಕೆ ಇಲ್ಲಿ ತಪ್ಪುದಾರಿ ಹಿಡಿಸಿದೆ.

5. ಉದ್ದದ ಪ್ರಶ್ನೆ

ದುಡಿಸಬೇಕು ನಿಜ, ಆದರೆ ಹೇಗೆ ದುಡಿಸಬೇಕು? ಕಳೆದ ಎರಡು ದಶಕಗಳ ಸಂಶೋಧನೆಯ ತಿರುಳು ಈ ಪ್ರಶ್ನೆಯೇ. ಗಾಯಗೊಂಡ ಹಿಂದೊಡೆಯನ್ನು ಅಲ್ಟ್ರಾಸೌಂಡಿನಲ್ಲಿ ಅಳೆದಾಗ ಅದರ ಎಳೆಕಟ್ಟುಗಳು ಅದೇ ವ್ಯಕ್ತಿಯ ಗಾಯವಾಗದ ಕಾಲಿಗಿಂತ ಗಿಡ್ಡವಾಗಿರುವುದು ಆಸ್ಟ್ರೇಲಿಯಾದ ಸಂಶೋಧಕರಿಗೆ ಕಂಡುಬಂದಿತು. ಅದೇ ತಂಡ 152 ಮಂದಿ ವೃತ್ತಿಪರ ಫುಟ್‌ಬಾಲ್ ಆಟಗಾರರನ್ನು ಅಭ್ಯಸಿಸಿ 2016ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಬೈಸೆಪ್ಸ್ ಉದ್ದ ತಲೆಯ ಎಳೆಕಟ್ಟು 10.56 ಸೆಂ.ಮೀ.ಗಿಂತ ಗಿಡ್ಡವಾಗಿದ್ದವರಿಗೆ ಗಾಯದ ಅಪಾಯ ಸುಮಾರು ನಾಲ್ಕು ಪಟ್ಟು ಹೆಚ್ಚಾಗಿತ್ತು. ಗಾಯಗೊಂಡ ಸ್ನಾಯುವನ್ನು ಉದ್ದವಾದ ಸ್ಥಿತಿಯಲ್ಲಿ ದುಡಿಸಲು ಹೋದಾಗ ನರಮಂಡಲವು ಅದಕ್ಕೆ ಕೊಡುವ ಚಾಲನೆಯನ್ನು ತಗ್ಗಿಸುತ್ತದೆ ಎಂಬುದೂ ಅಳತೆಗೆ ಸಿಕ್ಕಿದೆ. ಉದ್ದದಲ್ಲಿ ದುಡಿಯದ ಸ್ನಾಯು ಮಣಿ ಕಳಚಿ ಗಿಡ್ಡವಾಗುತ್ತದೆ, ಗಿಡ್ಡವಾದದ್ದು ಮತ್ತೆ ಹರಿಯುತ್ತದೆ ಎಂಬುದು 2013ರಲ್ಲಿ ಈ ಸಂಶೋಧಕರು ಮುಂದಿಟ್ಟ ವಿವರಣೆ. 'ಕಾಲಿಗೆ ಭಯ ಕೂತಿರ್ತದೆ' ಎಂಬ ಮಾತನ್ನು ಶರೀರಶಾಸ್ತ್ರದ ಭಾಷೆಗೆ ತಂದರೆ ಹೆಚ್ಚೂಕಡಿಮೆ ಹೀಗೆಯೇ ಆಗುತ್ತದೆ.

ಪರಿಹಾರವಾಗಿ ಪ್ರಸಿದ್ಧವಾದದ್ದು ನಾರ್ಡಿಕ್ ವ್ಯಾಯಾಮ. ಮಂಡಿಯೂರಿದವನ ಹಿಮ್ಮಡಿಗಳನ್ನು ಜೊತೆಗಾರನು ಒತ್ತಿ ಹಿಡಿಯುತ್ತಾನೆ. ಇವನು ಮಂಡಿಯಿಂದ ಮೇಲಿನ ಮೈಯನ್ನು ನೇರವಾಗಿಟ್ಟುಕೊಂಡು, ಬೀಳದಂತೆ ಹಿಂದೊಡೆಯಿಂದ ತಡೆಯುತ್ತ ನಿಧಾನವಾಗಿ ಮುಂದಕ್ಕೆ ವಾಲುತ್ತಾನೆ. ಸಲಕರಣೆ ಏನೂ ಬೇಡ, ಜೊತೆಗಾರ ಸಾಕು. ಡೆನ್ಮಾರ್ಕಿನ 50 ತಂಡಗಳ 942 ಫುಟ್‌ಬಾಲ್ ಆಟಗಾರರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಈ ವ್ಯಾಯಾಮ ಮಾಡಿದವರಲ್ಲಿ 15 ಹಿಂದೊಡೆಯ ಗಾಯಗಳಾದರೆ ಮಾಡದವರಲ್ಲಿ 52 ಆದವು. ಸ್ವೀಡನ್ನಿನ ಆಸ್ಕ್ಲಿಂಗ್ ಮತ್ತು ಸಂಗಡಿಗರು ಗಾಯಗೊಂಡ 75 ಆಟಗಾರರ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಸ್ನಾಯುವನ್ನು ಉದ್ದವಾಗಿಸಿ ದುಡಿಸುವ ವ್ಯಾಯಾಮಗಳನ್ನು ಮಾಡಿದವರು ಸರಾಸರಿ 28 ದಿನಗಳಲ್ಲಿ, ಸಾಂಪ್ರದಾಯಿಕ ವ್ಯಾಯಾಮ ಮಾಡಿದವರು 51 ದಿನಗಳಲ್ಲಿ ತಂಡಕ್ಕೆ ಮರಳಿದರು.

ಎಳೆಕಟ್ಟು ಉದ್ದವಾಗುವುದು ಹೊಸ ಸಾರ್ಕೊಮಿಯರ್ ಸೇರಿಯೋ ಇರುವವೇ ಹಿಗ್ಗಿಯೋ ಎಂಬ ಬಗ್ಗೆ ಚರ್ಚೆ ನಡೆದಿದೆ. 3 ವಾರಗಳ ಅಭ್ಯಾಸದ ಬಳಿಕ ನೋಡಿದ 2022ರ ಅಧ್ಯಯನವೊಂದರಲ್ಲಿ ಇರುವವೇ ಉದ್ದವಾಗಿದ್ದವು. 9 ವಾರಗಳ ಅಭ್ಯಾಸವನ್ನು ಪರಿಶೀಲಿಸಿದ ಆನಂತರದ ಅಧ್ಯಯನದಲ್ಲಿ ಸಂಖ್ಯೆಯೇ ಹೆಚ್ಚಿತ್ತು. ಸ್ನಾಯು ಮೊದಲು ಹಿಗ್ಗಿ, ಬಳಿಕ ಕಟ್ಟಿಕೊಳ್ಳುತ್ತದೆಂದು ಇವೆರಡನ್ನೂ ಕೂಡಿಸಿ ಊಹಿಸಬಹುದು. ಅಭ್ಯಾಸ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಗಳಿಸಿದ ಉದ್ದ ಮತ್ತೆ ಹೋಗುತ್ತದೆ ಎಂಬುದೂ ತಿಳಿದುಬಂದಿದೆ. ನಿತ್ಯ ಸಾಮು ತಪ್ಪಿಸಬಾರದೆಂಬ ಗರಡಿಯ ಕಟ್ಟಳೆಗೆ ಇದು ಹೊಂದುವ ಮಾತು.

ಜ್ಞಾನವಿದ್ದ ಮಾತ್ರಕ್ಕೆ ಗಾಯ ನಿಲ್ಲಲಿಲ್ಲ ಎಂಬುದನ್ನೂ ಹೇಳಬೇಕು. ಯೂರೋಪಿನ ವೃತ್ತಿಪರ ಫುಟ್‌ಬಾಲಿನಲ್ಲಿ ಒಟ್ಟು ಗಾಯಗಳ ಪೈಕಿ ಹಿಂದೊಡೆಯ ಗಾಯದ ಪ್ರಮಾಣ 2001-02ರಲ್ಲಿ ಶೇ. 12 ಇದ್ದುದು 2021-22ರ ವೇಳೆಗೆ ಶೇ. 24ಕ್ಕೆ ಏರಿತು. ಆಟದ ವೇಗ ಮತ್ತು ಪಂದ್ಯಗಳ ಒತ್ತಡ ಹೆಚ್ಚಿದ್ದು ಇದಕ್ಕೆ ಸೂಚಿಸಲಾಗುವ ಕಾರಣಗಳು. ಜೊತೆಗೆ, ಅಲ್ಲಿನ ಅಗ್ರ ಕ್ಲಬ್ಬುಗಳಲ್ಲಿ ಬಹುಪಾಲು ನಾರ್ಡಿಕ್ ವ್ಯಾಯಾಮವನ್ನು ಪೂರ್ಣವಾಗಿ ಅಳವಡಿಸಿಕೊಂಡಿಲ್ಲವೆಂದು 2015ರ ಸಮೀಕ್ಷೆ ತೋರಿಸಿತ್ತು.

6. ಬಸ್ಕಿ, ಗುಂಡು, ಮಟ್ಟಿ

ಗರಡಿಯ ಸಾಮನ್ನು ಈಗ ಈ ದೃಷ್ಟಿಯಿಂದ ನೋಡಬಹುದು. ಗರಡಿಯಲ್ಲಿ ಕಾಲಿನ ಪ್ರಧಾನ ವ್ಯಾಯಾಮ ಬಸ್ಕಿ. ನೂರಾರು ಬಸ್ಕಿ ಹೊಡೆದವನ ಮುಂದೊಡೆ ಕಂಬದಂತಾಗುತ್ತದೆ. ಆದರೆ ಬಸ್ಕಿಯಲ್ಲಿ ಸೊಂಟವೂ ಮಂಡಿಯೂ ಒಟ್ಟಿಗೆ ಮಡಿಯುತ್ತವೆ. ಎರಡೂ ಕೀಲುಗಳನ್ನು ಹಾಯುವ ಹಿಂದೊಡೆ ಒಂದು ತುದಿಯಲ್ಲಿ ಎಳೆದುಕೊಂಡಷ್ಟೇ ಇನ್ನೊಂದು ತುದಿಯಲ್ಲಿ ಸಡಿಲವಾಗುವುದರಿಂದ ಅದರ ಉದ್ದ ಹೆಚ್ಚು ಬದಲಾಗುವುದಿಲ್ಲ. ಬಸ್ಕಿ ಎಷ್ಟೇ ಹೊಡೆದರೂ ಹಿಂದೊಡೆಗೆ ಬೇಕಾದ ಅಭ್ಯಾಸ ಸಿಗುವುದಿಲ್ಲ. ತಟ್ಟುವ ತೊಡೆ ಬೆಳೆದು ತಟ್ಟದ ತೊಡೆ ಹಿಂದೆ ಬೀಳುವ ಸಾಧ್ಯತೆ ಇಲ್ಲಿದೆ.

ಮಟ್ಟಿ ಅಗೆಯುವುದು ಬೇರೆ ಬಗೆಯದು. ಗುದ್ದಲಿ ಹಿಡಿದವನು ಮಂಡಿಯನ್ನು ತುಸುವೇ ಬಾಗಿಸಿ ಸೊಂಟದಿಂದ ಮುಂದಕ್ಕೆ ಬಗ್ಗುತ್ತಾನೆ. ಆಗ ಹಿಂದೊಡೆ ಉದ್ದವಾಗಿ, ಮೈಭಾರವನ್ನೂ ಮಣ್ಣಿನ ಭಾರವನ್ನೂ ತಡೆಯುತ್ತದೆ. ಸಂಗ್ರಾಣಿ ಕಲ್ಲು, ಗುಂಡುಗಳನ್ನು ನೆಲದಿಂದ ಎತ್ತುವಾಗಲೂ ಹೀಗೆಯೇ. ದಂಡ ಹೊಡೆಯುವಾಗ ಸೊಂಟ ಮೇಲೆತ್ತಿ ನಿಲ್ಲುವ ಆರಂಭದ ಭಂಗಿಯಲ್ಲಿ ಹಿಂದೊಡೆ ಹಿತಮಿತವಾಗಿ ಎಳೆದುಕೊಳ್ಳುತ್ತದೆ. ಗಾಯದಿಂದ ಮರಳುವವನಿಗೆ ಬಸ್ಕಿಗಿಂತ ಮೊದಲು ಮಟ್ಟಿಯ ಕೆಲಸ ಕೊಡುತ್ತಿದ್ದ ಉಸ್ತಾದರ ಕ್ರಮ ಈ ಕಾರಣದಿಂದ ಅರ್ಥಪೂರ್ಣ. ಇದು ದೇಹರಚನೆಯನ್ನು ಆಧರಿಸಿದ ಅನುಮಾನವೇ ಹೊರತು ಅಳತೆಯ ಫಲಿತಾಂಶವಲ್ಲ. ಉಸ್ತಾದರಿಗೆ ಸಾರ್ಕೊಮಿಯರ್ ತಿಳಿದಿತ್ತೆಂದು ಹೇಳುವುದೂ ಸಲ್ಲದು. ಮಟ್ಟಿ ಅಗೆಯುವುದು ಅವರಿಗೆ ಸೇವೆ, ವಿನಯದ ಪಾಠ. ಗಾಯಾಳುವನ್ನು ಗರಡಿಯ ಬಳಗದಲ್ಲಿ ಉಳಿಸಿಕೊಳ್ಳುವ ಉಪಾಯ. ಅನೇಕ ತಲೆಮಾರುಗಳ ಕಾಲುಗಳನ್ನು ನೋಡಿ ಉಳಿದುಬಂದ ಕ್ರಮವೊಂದು, ಅದರ ಕಾರಣ ತಿಳಿಯುವ ಮೊದಲೇ ಕೆಲಸ ಮಾಡಿರಬಹುದು. ಜನಪದ ಜ್ಞಾನದ ಬಲ ಕ್ರಮದಲ್ಲಿದೆ. ವಿವರಣೆಯಲ್ಲಿ ಅದನ್ನು ಹುಡುಕಿದರೆ ನಿರಾಶೆಯಾಗುತ್ತದೆ.

7. ನೋವು ಹೋದ ಮೇಲೆ

ಇದೇ ಕ್ಷೇತ್ರಕಾರ್ಯದಲ್ಲಿ ಭೇಟಿಯಾದ ಇನ್ನೊಬ್ಬ ಮಾಹಿತಿದಾರರನ್ನು ಇಲ್ಲಿ ನೆನೆಯಬೇಕು. ಅವರು ಬೇರೊಂದು ಗರಡಿಯ ಪೈಲ್ವಾನರಾಗಿದ್ದವರು. ಜೋರು ಮಾಡುವಾಗ ಎಡಗಾಲಿನ ಹಿಂದೊಡೆ ಹರಿಯಿತು. ಅಂದೇ ಸಂಜೆ ಬಲವಾದ ಮಾಲೀಸಾಯಿತು. ತೊಡೆ ಕಪ್ಪಿಟ್ಟು ಊದಿಕೊಂಡಿತು. ಆಸ್ಪತ್ರೆಯಲ್ಲಿ ಗುಳಿಗೆ ಕೊಟ್ಟು ಮೂರು ವಾರ ಕಾಲು ಆಡಿಸಬೇಡಿ ಎಂದರು. ಆಮೇಲೆ ಏನು ಮಾಡಬೇಕೆಂದು ಹೇಳಲಿಲ್ಲ. ನೋವು ಹೋಯಿತು, ದಸರೆ ಹತ್ತಿರ ಬಂದಿತು, ಅಖಾಡಕ್ಕಿಳಿದರು. ಕಾಲು ಮತ್ತೆ ಹರಿಯಿತು. ಮರುವರ್ಷ ಮೂರನೆಯ ಬಾರಿ ಹರಿದ ಮೇಲೆ ಕುಸ್ತಿ ಬಿಟ್ಟರು. "ನಡೆಯೋಕೆ ತೊಂದ್ರೆ ಇಲ್ಲ. ಆದ್ರೆ ಈ ಕಾಲು ನಂದಲ್ಲ ಅನ್ನಿಸ್ತದೆ, ಯಾರದೋ ತಂದು ಹಾಕ್ದಂಗೆ" ಎಂದರು. ಕಲೆಗಟ್ಟಿ ಗಿಡ್ಡವಾದ ಸ್ನಾಯುವಿನ ವಿವರಣೆಯಾಗಿ ಈ ಮಾತು ಉತ್ಪ್ರೇಕ್ಷೆಯಲ್ಲ.

ಇವರ ವಿಷಯದಲ್ಲಿ ಎರಡು ವ್ಯವಸ್ಥೆಗಳೂ ಸೋತಿವೆ. ಅವರ ಗರಡಿಯಲ್ಲಿ ಮಾಲೀಸು ಉಳಿದಿತ್ತು, ಮಟ್ಟಿಯ ಕ್ರಮ ಕಳೆದುಹೋಗಿತ್ತು. ಆಸ್ಪತ್ರೆಗೆ ಕಟ್ಟುವುದು ಗೊತ್ತಿತ್ತು, ದುಡಿಸುವುದನ್ನು ಹೇಳುವ ಪುರುಸೊತ್ತಿರಲಿಲ್ಲ. ಎರಡೂ ಕಡೆ ಉಳಿದದ್ದು ಹಗ್ಗದ ರೂಪಕ ಮಾತ್ರ. ಗರಡಿಯಲ್ಲೇ ಇದ್ದ ಇನ್ನೊಂದು ರೂಪಕವನ್ನು ಯಾರೂ ನೆನೆಯಲಿಲ್ಲ. ಮಟ್ಟಿ ಹಾಗೆಯೇ ಬಿಟ್ಟರೆ ಗಟ್ಟಿಯಾಗುತ್ತದೆ. ಅದನ್ನು ದಿನವೂ ಅಗೆದು, ಪುಡಿಮಾಡಿ, ಎಣ್ಣೆ ಅರಿಸಿನ ಬೆರೆಸಿ ಹದಗೊಳಿಸಬೇಕು. ಮಾಗುತ್ತಿರುವ ಸ್ನಾಯುವಿನ ಸ್ವಭಾವ ಹಗ್ಗಕ್ಕಿಂತ ಈ ಮಣ್ಣಿಗೆ ಹತ್ತಿರ. ಅದು ಬೆಸೆದು ಮುಗಿಯುವ ವಸ್ತುವಲ್ಲ, ಹದ ಮಾಡಿದಂತೆ ರೂಪುಗೊಳ್ಳುವ ವಸ್ತು.

ಒಟ್ಟಿನಲ್ಲಿ, ಗಾಯದ ಬಳಿಕ ಹಳೆಯ ಸ್ನಾಯುವೇ ಮರಳಿ ಬರುವುದಿಲ್ಲ, ಹೊಸದೊಂದು ಕಟ್ಟಿಕೊಳ್ಳುತ್ತದೆ. ಅದು ಗಿಡ್ಡವೋ ಉದ್ದವೋ, ದುರ್ಬಲವೋ ಬಲಿಷ್ಠವೋ ಎಂಬುದು ಆ ವಾರಗಳಲ್ಲಿ ಅದನ್ನು ದುಡಿಸಿದ ಬಗೆಯನ್ನು ಬಹುಮಟ್ಟಿಗೆ ಅವಲಂಬಿಸಿದೆ. ಗರಡಿಯ ಉಪಚಾರಕ್ರಮಗಳನ್ನು ಸಂಗ್ರಹಿಸುವಾಗ ನಾವು ಎಣ್ಣೆ, ಸೊಪ್ಪುಗಳ ಹೆಸರನ್ನು ಶ್ರದ್ಧೆಯಿಂದ ಬರೆದುಕೊಳ್ಳುತ್ತೇವೆ. ಯಾವ ಕೆಲಸದ ನಂತರ ಯಾವ ಕೆಲಸ, ಎಷ್ಟು ದಿನಕ್ಕೆ ಎಂಬುದನ್ನು ಬಿಟ್ಟುಬಿಡುತ್ತೇವೆ. ಈ ಲೇಖಕರ ಹಳೆಯ ಟಿಪ್ಪಣಿಗಳಲ್ಲಿಯೂ ಇದೇ ದೋಷವಿದೆ. ಮುಂದಿನ ಕ್ಷೇತ್ರಕಾರ್ಯವು ಈ ಕ್ರಮವನ್ನು ದಾಖಲಿಸಬೇಕು. ವ್ಯಾಯಾಮ ಚಿಕಿತ್ಸಕರೊಂದಿಗೆ ಕುಳಿತು ಅದರಲ್ಲಿ ಉಳಿಸಬೇಕಾದುದನ್ನೂ ಬಿಡಬೇಕಾದುದನ್ನೂ ಬೇರ್ಪಡಿಸಬೇಕು. ಮಟ್ಟಿ ಅಗೆಯುವ ಗರಡಿಗಳು ಇನ್ನೂ ಇರುವಾಗಲೇ ಈ ಕೆಲಸ ಆಗಬೇಕಾಗಿದೆ.